ಸಿಗಡಿ ಸಿಪ್ಪೆಯ ಡೈಪರ್

ಡೈಪರ್ ಪೊಟ್ಟಣ ಕೊಳ್ಳುವವರು ಅದರ ಮುಂಭಾಗ ನೋಡುತ್ತಾರೆ. ನಗುವ ಮುದುಕ, ಹಸಿರು ಎಲೆ, ನೀಲಿ ಹನಿ, ಗುರಾಣಿಯ ಚಿತ್ರ. ನಾನು ತಿರುಗಿಸಿ ಹಿಂಭಾಗ ಓದುತ್ತೇನೆ. ಆಮೇಲೆ ಒಂದನ್ನು ಬಿಚ್ಚಿ ಮೇಜಿನ ಮೇಲೆ ಹರಡಿ ದೊಡ್ಡ ಲೋಟದಷ್ಟು ನೀರು ಸುರಿಯುತ್ತೇನೆ. ಐದು ನಿಮಿಷ ಬಿಟ್ಟು ಒಣ ಕಾಗದವೊಂದನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತುತ್ತೇನೆ. ಕಾಗದ ಎಷ್ಟು ಒದ್ದೆಯಾಯಿತೋ ತೊಟ್ಟವರ ಮೈ ಅಷ್ಟು ಒದ್ದೆಯಾಗುತ್ತದೆ. ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ನೀವೂ ಹೀಗೆ ಮಾಡಿ ನೋಡಿ. ಒಂದು ಡೈಪರ್ ಹಾಳಾದೀತು, ಒಂದು ಪೆಟ್ಟಿಗೆ ಉಳಿದೀತು. ಈ ಪರೀಕ್ಷೆಯನ್ನು ನಾನು ಕಲಿತದ್ದು ತಡವಾಗಿ. ಅದಕ್ಕೆ ಮೊದಲು ನನ್ನ ಪರೀಕ್ಷೆ ಬೇರೆಯದಿತ್ತು. ಅದರ ಫಲ ಅನುಭವಿಸಿದವಳು ನನ್ನ ಅತ್ತೆ.

ಕಾರವಾರದಲ್ಲಿ ನನ್ನದು ಪ್ಯಾಡು, ಡೈಪರುಗಳ ಸಗಟು ವ್ಯಾಪಾರ. ಇಲ್ಲಿಂದ ಅಂಕೋಲೆಯವರೆಗಿನ ಮೆಡಿಕಲ್ ಅಂಗಡಿ, ಕಿರಾಣಿ ಅಂಗಡಿಗಳಿಗೆ ಮಾಲು ಹಾಕುತ್ತೇನೆ. ಹುಟ್ಟಿದ್ದು ಅಂಕೋಲೆ ಬಳಿಯ ಕೇಣಿಯಲ್ಲಿ, ಸಮುದ್ರಕ್ಕೆ ಹೋಗುವವರ ಮನೆಯಲ್ಲಿ. ಮದುವೆಯಾದ ಹೊಸತರಲ್ಲಿ ಒಣಮೀನಿನ ಚೀಲ ಹೊತ್ತು ಹಿಲ್ಲೂರಿನ ಮನೆಮನೆಗೆ ಹೋಗುತ್ತಿದ್ದೆ. ಅಲ್ಲಿಯ ಹೆಂಗಸರು ಮೀನು ಕೊಂಡಾದ ಮೇಲೆ ಬಾಗಿಲ ಮರೆಗೆ ಕರೆದು, “ಮುಂದಿನ ಸಲ ಬರೂವಾಗ ಪೇಟೆಯಿಂದ ಅದೊಂದು ತಂದ್ಕೊಡ್ತ್ಯಾ?” ಎಂದು ಕೇಳುತ್ತಿದ್ದರು. ಅಂಗಡಿಯಲ್ಲಿ ಗಂಡಸು ಕೂತಿರುತ್ತಾನೆ, ಬಾಯಿಬಿಟ್ಟು ಕೇಳಲು ಸಂಕೋಚ. ಮೊದಲ ಸಲ ತಂದ ಪ್ಯಾಡುಗಳನ್ನು ಒಣಬಂಗಡೆಯ ಚೀಲದಲ್ಲೇ ಇಟ್ಟಿದ್ದೆ. ಅಷ್ಟೂ ವಾಪಸು ಬಂದವು. “ಇದ್ನ ಹಾಕ್ಕಂಡ್ರೆ ಊರ ಬೆಕ್ಕೆಲ್ಲ ಹಿಂದೆ ಬತ್ತವೆ” ಎಂದಳು ಒಬ್ಬಳು. ಅಂದಿನಿಂದ ಎರಡು ಚೀಲ ಮಾಡಿದೆ. ಕೆಲವು ವರ್ಷಗಳಲ್ಲಿ ಮೀನಿನ ಚೀಲ ಬಿಟ್ಟುಹೋಯಿತು, ಇನ್ನೊಂದು ಗೋದಾಮಾಯಿತು.

ಅತ್ತೆ ಎಂದರೆ ಅಪ್ಪನ ಅಕ್ಕ. ಕೇಣಿಯಲ್ಲೇ ಮದುವೆಯಾಗಿ ಕೇಣಿಯಲ್ಲೇ ಉಳಿದವಳು. ಅವಳ ಮಗ ಬೋಟಿಗೆ ಹೋಗುತ್ತಾನೆ, ಸೊಸೆ ಮನೆ ನೋಡುತ್ತಾಳೆ. ಅಂಕೋಲೆಯ ಮೀನು ಪೇಟೆಯಲ್ಲಿ ಅತ್ತೆಯ ಜಾಗ ಬಾಗಿಲ ಪಕ್ಕ, ನಲ್ಲಿಯ ಹತ್ತಿರ. ಒಳಗೆ ಕಾಲಿಟ್ಟ ಗಿರಾಕಿಗೆ ಮೊದಲು ಕಾಣುವ ಬುಟ್ಟಿ ಅವಳದ್ದು. ಅವಳಿಗಿಂತ ಮೊದಲು ಅಲ್ಲಿ ಅವಳ ಅತ್ತೆ, ಗಂಡನ ತಾಯಿ, ಕೂರುತ್ತಿದ್ದಳು. ಆ ಜಾಗಕ್ಕೆ ಕಾಗದಪತ್ರವಿಲ್ಲ. ಹೆಂಗಸರ ನಡುವೆ ಒಂದು ಕಟ್ಟಳೆಯಿದೆ, ಅಷ್ಟೇ. ಮಳೆಗಾಲದಲ್ಲಿ ಎರಡು ತಿಂಗಳು ಮೀನು ಹಿಡಿಯಲು ಸರ್ಕಾರದ ಬಂದಿ; ಬೋಟು ದಡ ಹತ್ತಿದಾಗ ಪೇಟೆ ಅರ್ಧ ಖಾಲಿ. ಆಗ ಯಾರು ಎಲ್ಲಿ ಕೂತರೂ ಲೆಕ್ಕಕ್ಕಿಲ್ಲ. ಬಂದಿ ಮುಗಿದು ಹೊಸ ಬೋಟಿನ ಮೀನು ಬರುವ ಮೊದಲ ದಿನ ಯಾರು ಎಲ್ಲಿ ಬುಟ್ಟಿ ಇಳಿಸುತ್ತಾರೋ ಮುಂದಿನ ಮಳೆಯವರೆಗೆ ಆ ಜಾಗ ಅವರದು. ಆ ದಿನ ತಪ್ಪಿಸಿದವರು ಕೊನೆಯ ಸಾಲಿಗೆ, ಕತ್ತಲ ಮೂಲೆಗೆ ಹೋಗಬೇಕು. ಅಲ್ಲಿಗೆ ಗಿರಾಕಿ ತಲುಪುವ ಹೊತ್ತಿಗೆ ಅವನ ಚೀಲ ತುಂಬಿರುತ್ತದೆ.

ಬಂದಿಗೆ ಒಂದು ವಾರವಿರುವಾಗ ಅತ್ತೆ ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತ ಜಾರಿ ಬಿದ್ದಳು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಕಾರವಾರದಲ್ಲಿ ಆಪರೇಶನ್ ಆಯಿತು, ಸರಳು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, ಎಲ್ಲ ಸರಿ ಹೋದರೆ ಆರೇಳು ವಾರದಲ್ಲಿ ಕೂರಬಹುದು, ವಾಕರ್ ಹಿಡಿದು ನಿಲ್ಲಬಹುದು ಎಂದರು. ಅತ್ತೆ ಬೆರಳು ಮಡಚಿ ಎಣಿಸಿದಳು. “ಹಂಗಾರೆ ಬೋಟು ಇಳಿಯೂಕೆ ನಾ ಕೂತಿರ್ತೆ” ಎಂದಳು. ಅಂದಿನಿಂದ ಆ ಮನೆಯಲ್ಲಿ ಎಲ್ಲ ಲೆಕ್ಕವೂ ಆ ಒಂದು ದಿನಕ್ಕೆ ಕಟ್ಟಿದ್ದು.

ಅದೇ ಹೊತ್ತಿಗೆ ಹುಬ್ಬಳ್ಳಿ ಕಡೆಯ ಸೇಲ್ಸಿನವರೊಬ್ಬರು ಹೊಸ ಡೈಪರಿನ ಸ್ಯಾಂಪಲ್ ಹಿಡಿದು ನನ್ನಲ್ಲಿಗೆ ಬಂದಿದ್ದರು. ಕೂದಲು ಹಣ್ಣಾದ, ಮಾತಿನಲ್ಲಿ ಪಳಗಿದ ಮನುಷ್ಯ.

“ಮೇಡಮ್ಮಾರ, ಇದರಾಗ ಏನೈತಿ ಗೊತ್ತೇನ್ರಿ? ಸಿಗಡಿ ಸಿಪ್ಪಿ. ನಿಮ್ಮ ಕಡೀದ ಮಾಲು.”

“ಸಿಪ್ಪೆ ನಮ್ಮದೇ ಅಂದ್ರೆ ನಮಗೇ ತಿರುಗಿ ಮಾರೂಕೆ ಬಂದ್ರಿ. ದರ ಇಳಿಸಿ.”

ಅವರು ನಕ್ಕರು, ದರ ಇಳಿಸಲಿಲ್ಲ. ವಿಷಯ ಬಿಡಿಸಿ ಹೇಳಿದರು. ಸಿಗಡಿ, ಏಡಿಗಳ ಸಿಪ್ಪೆಯನ್ನು ಶುದ್ಧಮಾಡಿ ತೆಗೆದ ಒಂದು ಪದಾರ್ಥಕ್ಕೆ ಬ್ಯಾಕ್ಟೀರಿಯಾ ತಡೆಯುವ ಗುಣವಿದೆಯಂತೆ. ಅದನ್ನು ಮೇಲಿನ ತೆಳು ಬಟ್ಟೆಯ ಕೆಳಗಿನ ಪದರಕ್ಕೆ ಹಾಯಿಸುತ್ತಾರೆ. ಬೇರೆ ಕಂಪನಿಗಳು ಇದಕ್ಕೇ ಬೆಳ್ಳಿ, ಸತು, ಬೇವು ಎಂದು ಏನೇನೋ ಹಾಕುತ್ತವೆ. ಉಚ್ಚೆ ತಾನಾಗಿ ಅಷ್ಟು ನಾರುವುದಿಲ್ಲ. ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಆ ಕಟು ವಾಸನೆ ಏಳುತ್ತದೆ. ಒಡೆಯುವವರೇ ಇಲ್ಲದಿದ್ದರೆ ವಾಸನೆಯೂ ಇಲ್ಲ. ಅಷ್ಟು ಹೇಳಿ ಅವರು, “ರಾತ್ರಿ ಹಾಕಿ ಬೆಳಿಗ್ಗೆ ಬಿಚ್ರಿ, ಮೂಗು ಮುಚ್ಚೂ ಕೆಲಸಿಲ್ಲ” ಎಂದರು. ನನಗೆ ಬೇಕಾದ ಮಾತು ಅದೇ. ಹತ್ತು ಪೆಟ್ಟಿಗೆ ತೆಗೆದುಕೊಂಡರೆ ಎರಡು ಪೆಟ್ಟಿಗೆ ಪುಕ್ಕಟೆ ಎಂದು ಒಪ್ಪಿಸಿದೆ. ಪುಕ್ಕಟೆ ಬಂದ ಎರಡನ್ನೂ ಕೇಣಿಗೆ ಕಳಿಸಿದೆ. ಅತ್ತೆಗೆ ಒಳ್ಳೆಯದನ್ನೇ ಕೊಟ್ಟೆ ಎಂಬ ಸಮಾಧಾನ, ಕೈಯಿಂದ ಏನೂ ಹೋಗಲಿಲ್ಲ ಎಂಬ ಸಮಾಧಾನ, ಎರಡೂ ಇತ್ತು. ಚೌಕಾಸಿಯಲ್ಲಿ ಗೆದ್ದ ಮಾಲಿನ ಮೇಲೆ ಅನುಮಾನ ಹುಟ್ಟುವುದು ಕಷ್ಟ. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಈಗ ಇದನ್ನು ಮೊದಲು ಹೇಳುತ್ತೇನೆ.

ನಾನೇ ಹೋಗಿ ಸೊಸೆಗೆ ಹಾಕುವ ಕ್ರಮ ತೋರಿಸಿಕೊಟ್ಟೆ. ಅತ್ತೆ ಮಲಗಿದಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದಳು.

“ಸಿಗಡಿ ಸುಲಿದೂ ಸುಲಿದೂ ನನ್ನ ಉಗುರು ಸವೆದೋಯ್ತು. ಅದ್ರ ಸಿಪ್ಪೆ ಈಗ ನನ್ನ ಕುಂಡೆ ಕಾಯೂಕೆ ಬಂತು ಅನ್ನು.”

“ಕ್ರಿಮಿ ಸಾಯ್ತವೆ ಅತ್ತೆ.”

“ಸಾಯ್ಲಿ. ನಾ ಸಾಯ್ದೆ ಇದ್ರೆ ಸಾಕು.”

ಸೊಸೆ ಕೇಳಿದಳು, “ಅಕ್ಕಾ, ಎಷ್ಟು ಹೊತ್ತಿಗೆ ಬದಲ್ಸೂದು?”

“ವಾಸನೆ ಬಂದ್ರೆ ಬದಲ್ಸು. ಇಲ್ದಿದ್ರೆ ಬೆಳಗ್ಗೆ ಒಂದು, ಸಂಜೆ ಒಂದು ಸಾಕು” ಎಂದೆ.

ಈ ಮಾತನ್ನು ನಾನು ತಡವರಿಸದೆ ಹೇಳಿದೆ. ಅದು ಹೇಗೆ ಬಂತೆಂದು ಆಮೇಲೆ ಯೋಚಿಸಿದ್ದೇನೆ. ನಮ್ಮ ಮನೆಗಳಲ್ಲಿ ಮೂಗು ದೊಡ್ಡ ಪ್ರಮಾಣ. ಬಂಗಡೆ ನಿನ್ನೆಯದೋ ಇಂದಿನದೋ ಎಂದು ಕಣ್ಣು ಮುಚ್ಚಿ ಹೇಳುವವರು ನಾವು. ಬುಟ್ಟಿ ಹೊತ್ತು ಬರುವಾಗಲೇ ಕೆಳಗಿನ ಪದರದ ತಾರ್ಲೆ ಮೀನು ಕೆಟ್ಟಿದೆ ಎಂದು ಅತ್ತೆಗೆ ತಿಳಿಯುತ್ತಿತ್ತು. ಕೆಟ್ಟದ್ದು ಮೊದಲು ಮೂಗಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ವಾಸನೆ ಇಲ್ಲ ಎಂದರೆ ಚೆನ್ನಾಗಿದೆ. ಈ ಲೆಕ್ಕ ಮೀನಿನಲ್ಲಿ ನಮಗೆ ಒಮ್ಮೆಯೂ ತಪ್ಪಿರಲಿಲ್ಲ. ಡೈಪರಿಗೂ ಅದನ್ನೇ ಹಚ್ಚಿದೆವು.

ಸೊಸೆ ಒಳ್ಳೆಯ ಹೆಣ್ಣು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಮಧ್ಯಾಹ್ನ ಬಗ್ಗಿ ಮೂಸುವಳು. “ಎಂತದೂ ಇಲ್ಲ” ಎಂದು ಹೊದಿಕೆ ಎಳೆಯುವಳು. ಅತ್ತೆಯೂ ಮೂಗು ಅರಳಿಸಿ ನೋಡಿ, “ಇನ್ನೂ ತಾಜಾ ಅದೆ” ಎನ್ನುವಳು. ಆ ಮನೆಗೆ ಬಂದುಹೋಗುವ ಕೇರಿಯ ಹೆಂಗಸರೆಲ್ಲ, ಮಲಗಿದವರ ಕೋಣೆ ಹೀಗೆ ವಾಸನೆಯಿಲ್ಲದೆ ಇರುವುದನ್ನು ಕಂಡೇ ಇಲ್ಲ ಎಂದು ಹೊಗಳಿದರು. ಅವರಲ್ಲಿ ಮೂವರು ನನ್ನಿಂದ ಅದೇ ಡೈಪರ್ ತರಿಸಿಕೊಂಡರು.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಸೊಸೆಯ ಫೋನು ಬಂತು. ಮೈ ಒರೆಸುವಾಗ ಬೆನ್ನ ಕೆಳಗೆ, ತೊಡೆಸಂದಿಯಲ್ಲಿ, ಚರ್ಮ ನೀರಿನಲ್ಲಿ ನೆನೆದ ಕೈಬೆರಳಿನ ಹಾಗೆ ಬೆಳ್ಳಗೆ ಮೆತ್ತಗಾಗಿದೆ, ಸುತ್ತ ಕೆಂಪಾಗಿದೆ ಎಂದಳು.

“ವಾಸನೆ ಅದ್ಯಾ?”

“ಇಲ್ಲ ಅಕ್ಕಾ.”

“ಹಂಗಾರೆ ಬೆವರ್ಸಾಲೆ. ಪೌಡರ್ ಹಾಕಿ ಕಟ್ಟು.”

ಅವಳು ಪೌಡರ್ ಹಾಕಿ ಕಟ್ಟಿದಳು. ಒದ್ದೆಯಲ್ಲಿ ಪೌಡರ್ ಹಿಟ್ಟಿನ ಹಾಗೆ ಗಟ್ಟಿಯಾಗಿ ಉಜ್ಜತೊಡಗಿತು. ನಾಲ್ಕು ದಿನ ಬಿಟ್ಟು ನಾನು ಹೋಗಿ ನೋಡಿದಾಗ ಬೆನ್ನ ಕೆಳಗೆ ಅಂಗೈಯಗಲ ಚರ್ಮ ಹೋಗಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, “ಉರೀತಿತ್ತು. ಔಷಧಿ ಕೆಲ್ಸ ಮಾಡ್ತದೆ ಅಂದ್ಕಂಡೆ” ಎಂದಳು. ಗಾಯಕ್ಕೆ ಅಯೋಡಿನ್ ಹಾಕಿದರೆ ಉರಿಯುತ್ತದೆ; ಉರಿದರೆ ಗುಣ ಎಂದು ನಾವೇ ಅವಳಿಗೆ ವರ್ಷಗಟ್ಟಲೆ ಹೇಳಿದ್ದೇವೆ.

ಕಾರವಾರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಮರುದಿನ ಬೆಳಿಗ್ಗೆ ಮಳೆಯಲ್ಲೇ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಕೇಣಿಗೆ ಹೋದೆ. ಅವರು ಗಾಯ ನೋಡಿದರು. ಕೈ ತೊಳೆದರು. ಡೈಪರ್ ಪೊಟ್ಟಣ ಎತ್ತಿ ಎರಡೂ ಕಡೆ ಓದಿದರು.

“ಇದ್ನ ಯಾರು ಕೊಟ್ಟದ್ದು?”

“ನಾನು.”

“ಬೆಳಗ್ಗೆ ಒಂದು ಸಂಜೆ ಒಂದು ಅಂತ ಯಾರು ಹೇಳಿದ್ದು?”

“ನಾನೇ, ಸಿಸ್ಟರ್. ನಾತ ಇರ್ಲಿಲ್ಲ.”

“ನಾತ ಇರೂದಿಲ್ಲ ಮಾರಾಯ್ತಿ. ನಾತ ಬರ್ದೇ ಇರ್ಲಿ ಅಂತ್ಲೇ ಅದ್ರೊಳಗೆ ಆ ಸಿಪ್ಪೆ ಹಾಕಿದ್ದು. ಅದು ಒಳಗಿನ ಹತ್ತಿಯನ್ನ ಕಾಯ್ತದೆ, ಇವ್ರ ಮೈಯನ್ನಲ್ಲ. ಚರ್ಮ ಹಾಳಾಗೂಕೆ ಕ್ರಿಮಿಯೇ ಬೇಕಂತಿಲ್ಲ. ಒದ್ದೆ, ಬಿಸಿ, ಒಂದೇ ಮಗ್ಗುಲಿನ ಭಾರ, ಅಷ್ಟೇ ಸಾಕು. ನೀವು ಮೀನು ನೋಡೂ ಜನ. ಸತ್ತದ್ದು ಕೆಟ್ರೆ ನಾರ್ತದೆ. ಬದುಕಿದ್ದ ಚರ್ಮ ನಾರೂಕೆ ಮೊದ್ಲೇ ಹೋತದೆ.”

ಅತ್ತೆ ಗೋಡೆಯ ಕಡೆಯಿಂದಲೇ ಕೇಳಿದಳು. “ಸಿಸ್ಟರಾ, ಬೋಟು ಇಳಿಯೂ ದಿನಕ್ಕೆ ಕೂರೂಕಾತದಾ?”

ನರ್ಸ್ ಗಾಯವನ್ನು ಇನ್ನೊಮ್ಮೆ ನೋಡಿದರು. “ಮೂಳೆ ಹೂಂ ಅಂತದೆ. ಇದು ಹೂಂ ಅನ್ಬೇಕು.”

ಅವರು ಹೇಳಿದ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ, ಬೇಕಾದವರಿಗೆ ಆದೀತು. ಮೂರು ತಾಸಿಗೊಮ್ಮೆ ಡೈಪರ್ ಬದಲಾಯಿಸಬೇಕು, ಮಲವಾದರೆ ಆ ಕ್ಷಣವೇ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಉಜ್ಜದೆ ಬಟ್ಟೆ ಒತ್ತಿ ಒಣಗಿಸಬೇಕು. ದಿನಕ್ಕೆ ಎರಡು ಸಲ ಅರ್ಧ ತಾಸು ಏನೂ ಕಟ್ಟದೆ ಗಾಳಿಗೆ ಬಿಡಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಪೌಡರ್ ಮುಟ್ಟಬಾರದು. ಚರ್ಮ ಹೋದಲ್ಲಿಗೆ ಡಾಕ್ಟರು ಕೊಟ್ಟ ಮುಲಾಮು ಮಾತ್ರ. ಡಾಕ್ಟರಿಗೆ ತೋರಿಸದೆ ಇದಾವುದನ್ನೂ ಶುರು ಮಾಡಬೇಡ ಎಂದು ಅವರು ಎರಡು ಸಲ ಹೇಳಿದ್ದರಿಂದ ಅದೇ ಸಂಜೆ ಡಾಕ್ಟರಿಗೂ ತೋರಿಸಿದೆವು. ಅವರದ್ದೂ ಅದೇ ಮಾತು. ಬೆಳ್ಳಿಯದೋ ಸಿಪ್ಪೆಯದೋ ಬೇವಿನದೋ, ಯಾವ ಡೈಪರ್ ಬೇಕಾದರೂ ಹಾಕಿ, ಗಡಿಯಾರ ನೋಡಿ ಬಿಚ್ಚಿ ಎಂದರು.

ನಾನು ಸಿಪ್ಪೆಯದನ್ನು ಬಿಟ್ಟು ಸಾದಾ ಡೈಪರ್ ಕಳಿಸತೊಡಗಿದೆ. ಅದು ಅಗ್ಗ; ದಿನಕ್ಕೆ ಎಂಟು ಕಟ್ಟಿದರೂ ಕೈ ಕಚ್ಚುವುದಿಲ್ಲ. ಅದರಲ್ಲಿ ಇನ್ನೊಂದು ಅನುಕೂಲವಿತ್ತು: ಅದು ನಾರುತ್ತಿತ್ತು. ಮೂರು ತಾಸು ಮೀರಿದರೆ ಅದೇ ಕೂಗಿ ಕರೆಯುತ್ತಿತ್ತು.

ಗಾಳಿಗೆ ಬಿಡುವ ಅರ್ಧ ತಾಸು ಆ ಮನೆಯಲ್ಲಿ ದೊಡ್ಡ ರಾಮಾಯಣವಾಯಿತು. ಅತ್ತೆಯ ಕೋಣೆಯ ಕಿಟಕಿ ಕೇರಿಯ ದಾರಿಗೆ. ಅವಳು ಕಿಟಕಿ ಮುಚ್ಚು ಎನ್ನುವಳು, ಸೊಸೆ ಗಾಳಿ ಬೇಕು ಎನ್ನುವಳು. ಕಡೆಗೆ ಹಳೆಯ ಬಲೆಯೊಂದನ್ನು ಎರಡು ಮಡಿಕೆ ಮಾಡಿ ಕಿಟಕಿಗೆ ಕಟ್ಟಿದರು. “ನನ್ನ ಕುಂಡೆಗೂ ಬಲೆ ಬೀಸಿದ್ರು” ಎಂದು ಅತ್ತೆ ನೋಡಲು ಬಂದವರಿಗೆಲ್ಲ ಹೇಳಿದಳು. ಆದರೆ ಬಂದವರು ಹೋದ ಮೇಲೆ ಬೆರಳು ಮಡಚಿ ದಿನ ಎಣಿಸುವಳು. ಎಣಿಕೆ ಮುಗಿದು ಮುಷ್ಟಿ ಹಾಗೇ ಇರುತ್ತಿತ್ತು.

ಹುಬ್ಬಳ್ಳಿಯವರು ಮತ್ತೆ ಬಂದಾಗ ನಾನು ಜಗಳವಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದೆ.

“ಕ್ರಿಮಿ ಸಾಯ್ತವೆ ಅಂತ ಎಲ್ಲಿ ನೋಡಿದ್ರಿ?”

“ಲ್ಯಾಬಿನ್ಯಾಗ್ರಿ. ತಟ್ಟಿಯೊಳಗ ಬ್ಯಾಕ್ಟೀರಿಯಾ ಬೆಳಸಿ, ಅದರ ಮ್ಯಾಲ ಈ ಬಟ್ಟಿ ಇಟ್ಟು.”

“ತಟ್ಟೆಗೆ ಕುಂಡೆ ಇತ್ತಾ?”

ಅವರು ಪೊಟ್ಟಣ ಎತ್ತಿ ಹಿಂಭಾಗ ತೋರಿಸಿದರು. “ಬೆಳಿಗ್ಗೆಯಿಂದ ಸಂಜಿತನಕ ಒಂದಽ ಕಟ್ರಿ ಅಂತ ಪೊಟ್ಟಣದ ಮ್ಯಾಲ ನಾವು ಬರದಿಲ್ಲಲ್ರಿ” ಎಂದರು. ನಿಜ, ಬರೆದಿರಲಿಲ್ಲ. ಅವರು ಬಾಯಲ್ಲಿ ಹೇಳಿದ್ದರು, ನಾನು ಅದನ್ನು ಇನ್ನಷ್ಟು ಉದ್ದ ಮಾಡಿ ಹೇಳಿದ್ದೆ. ಉಳಿದ ಪೆಟ್ಟಿಗೆಗಳ ಪ್ರತಿ ಪೊಟ್ಟಣಕ್ಕೆ ನಾನೊಂದು ಚೀಟಿ ಅಂಟಿಸಿದೆ: ‘ವಾಸನೆ ನೋಡಬೇಡಿ, ಗಡಿಯಾರ ನೋಡಿ.’ ಕೇರಿಯ ಆ ಮೂರು ಮನೆಗಳಿಗೆ ನಾನೇ ಹೋಗಿ ಹೇಳಿಬಂದೆ. ಒಬ್ಬರ ಮನೆಯಲ್ಲಿ ಆಗಲೇ ಕೆಂಪಾಗಲು ಶುರುವಾಗಿತ್ತು.

ಬೋಟು ಇಳಿಯುವ ದಿನ ಹತ್ತಿರ ಬಂದಾಗ ಅತ್ತೆಯ ಗಾಯ ಎರಡು ರೂಪಾಯಿ ನಾಣ್ಯದಷ್ಟಾಗಿತ್ತು. ವಾಕರ್ ಹಿಡಿದು ನಿಲ್ಲುತ್ತಿದ್ದಳು. ಕೂರಿಸಿದರೆ ಐದು ನಿಮಿಷಕ್ಕೆ ಹಲ್ಲು ಕಚ್ಚುತ್ತಿದ್ದಳು.

“ಹೊತ್ಕಂಡು ಹೋಗಿ ಕೂರ್ಸಿ. ಒಂದು ದಿನ ಅಲ್ವಾ.”

ನರ್ಸ್ ಫೋನಿನಲ್ಲಿ ಒಪ್ಪಲಿಲ್ಲ. ಗಟ್ಟಿ ನೆಲದ ಮೇಲೆ, ಒದ್ದೆಯಲ್ಲಿ, ಏಳದೆ ಐದಾರು ತಾಸು ಕೂತರೆ ಐದು ವಾರದ ಕೆಲಸ ಒಂದು ದಿನಕ್ಕೆ ಹೋಗುತ್ತದೆ ಎಂದರು. ಸೊಸೆಯನ್ನು ಕಳಿಸುವಂತಿಲ್ಲ, ಮೂರು ತಾಸಿನ ಗಡಿಯಾರ ಅವಳ ಕೈಯಲ್ಲಿತ್ತು. ಮಗ ಬೋಟಿನಲ್ಲಿ, ಅಲ್ಲದೆ ಆ ಸಾಲಿನಲ್ಲಿ ಗಂಡಸರು ಕೂರುವುದಿಲ್ಲ.

“ನಾ ಕೂರ್ತೆ” ಎಂದೆ.

ಅತ್ತೆ ನನ್ನ ಸೀರೆ, ಕೈಗಡಿಯಾರ, ಚಪ್ಪಲಿ ನೋಡಿದಳು. “ನೀ ಬಂಗಡೆ ಮುಟ್ಟಿ ಎಷ್ಟು ವರ್ಷಾಯ್ತೆ? ಮೀನು ರಾಶಿ ಮಾಡಿ ಪಾಲು ಹಾಕೂಕೆ ನೆನಪದ್ಯಾ?”

“ಅದೆ.”

“ಕಡೆಗೆ ಗಿರಾಕಿಗೆ ಒಂದು ಸಣ್ಣ ಮೀನು ಮೇಲೆ ಇಡ್ಬೇಕು. ಕೇಳೂಕೆ ಮೊದ್ಲು ಇಟ್ರೆ ದಡ್ಡಿ, ಕೇಳಿದ ಮೇಲೂ ಇಡ್ದಿದ್ರೆ ಜುಗ್ಗಿ.”

ಮೊದಲ ದಿನ ಬೆಳಿಗ್ಗೆ ಅತ್ತೆಯ ಬುಟ್ಟಿ, ಅತ್ತೆಯ ಮಣೆ ಹಿಡಿದು ನಲ್ಲಿಯ ಪಕ್ಕ ಕೂತೆ. ಅತ್ತೆಯ ಪಕ್ಕದಲ್ಲಿ, ಬಾಗಿಲಿಂದ ಒಂದು ಹೆಜ್ಜೆ ಒಳಗಿನ ಜಾಗ ಬೆಳಂಬಾರದ ಹೆಂಗಸೊಬ್ಬಳದ್ದು. ಅತ್ತೆ ಬರದಿದ್ದರೆ ಒಂದು ಹೆಜ್ಜೆ ಮುಂದೆ ಬಂದು ಬಾಗಿಲು ಹಿಡಿಯುವವಳು ಅವಳೇ. ಅವಳು ಬುಟ್ಟಿ ಇಳಿಸದೆ ತಲೆಯ ಮೇಲೇ ಇಟ್ಟುಕೊಂಡು ನಿಂತಳು.

“ಇದ್ಯಾರು, ಪ್ಯಾಡಿನ ಅಕ್ಕ ಅಲ್ವಾ? ಇಲ್ಲಿ ಪ್ಯಾಡು ಮಾರೂಕೆ ಕೂತ್ಯಾ?”

“ಬಂಗಡೆ ಅದೆ. ನಿಂಗೂ ಒಂದು ಪಾಲು ಹಾಕ್ಲಾ?”

“ಈ ಜಾಗ ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಬಂದ್ರೆ ಅವಳ ಸೊಸೆ ಬರ್ಬೇಕು. ನೀ ತಮ್ಮನ ಮಗಳು, ಆ ಮನೆಯವಳು ಹೆಂಗಾತೆ?”

“ಸೊಸೆ ಇಲ್ಲಿ ಬಂದ್ರೆ ಅಲ್ಲಿ ಮಗ್ಗುಲು ಬದಲ್ಸೂದು ಯಾರು? ನೀ ಹೋತ್ಯಾ?”

ಸುತ್ತಲಿನವರು ಮಾರುವುದನ್ನು ಬಿಟ್ಟು ನೋಡುತ್ತಿದ್ದರು. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು ತಾರ್ಲೆ ಮಾರುವ ಅಜ್ಜಿ. ಅವಳು ಕೂತಲ್ಲಿಂದಲೇ ಕೇಳಿದಳು.

“ಬುಟ್ಟಿ ಯಾರದ್ದು?”

“ಅತ್ತೆದು.”

“ಮಣೆ?”

“ಅದೂ ಅತ್ತೆದೇ.”

“ಬುಟ್ಟಿ ಬಂದದೆ ಅಂದ್ರೆ ಅವಳು ಬಂದ ಹಂಗೆ. ಕೂರ್ಲಿ. ಆದ್ರೆ ಕೂಸೇ, ಬುಟ್ಟಿ ಬಿಟ್ಟು ಏಳೂಕಿಲ್ಲ. ಖಾಲಿ ಆಗೂಕೆ ಮೊದ್ಲು ನೀ ಎದ್ರೆ ಜಾಗ ಇವಳದ್ದು. ಅವಳು ತಾನೇ ಬಂದು ಕೂರೂತನಕ ದಿನಾ ಇದೇ ಕಟ್ಟಳೆ.”

ಚೌಕಾಸಿಗೆ ಅಲ್ಲಿ ಆಸ್ಪದವಿರಲಿಲ್ಲ. ಒಪ್ಪಿದೆ.

ಶ್ರಾವಣದಲ್ಲಿ ಹಲವರು ಮೀನು ಬಿಡುವುದರಿಂದ ಗಿರಾಕಿ ಕಡಿಮೆ. ಬುಟ್ಟಿ ಖಾಲಿಯಾಗುವಾಗ ಮಧ್ಯಾಹ್ನ ದಾಟುತ್ತಿತ್ತು. ಕೂತಲ್ಲಿ ನೆಲ ಒದ್ದೆ, ಸೀರೆ ಒದ್ದೆ, ಮೀನಿನ ನೀರು ಕಾಲಡಿಯಿಂದ ಹರಿದು ಹೋಗುತ್ತಿರುತ್ತದೆ. ಎದ್ದು ಹೋಗುವಂತಿಲ್ಲ ಎಂದು ಸಾಲಿನ ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಸಣ್ಣವಳಿದ್ದಾಗ ಅತ್ತೆಯ ಪಕ್ಕ ಕೂತು ನಾನೂ ಹಾಗೇ ಇದ್ದೆ, ಮರೆತಿದ್ದೆ. ಈ ಹೆಂಗಸರಿಗೆ ನಾನು ವರ್ಷಗಟ್ಟಲೆ ಅಂಗಡಿಗಳ ಮೂಲಕ ಪ್ಯಾಡು ಮಾರಿದ್ದೆ. ಅವರು ಅದನ್ನು ಎಷ್ಟು ಹೊತ್ತು ಕಟ್ಟಿಕೊಂಡಿರುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಐದನೆಯ ದಿನವೋ ಆರನೆಯ ದಿನವೋ ಬೆಳಂಬಾರದವಳು ಮೀನಿಗೆ ನೀರು ಚಿಮುಕಿಸುವ ನೆಪದಲ್ಲಿ ನನ್ನ ಕಡೆ ಬಾಗಿದಳು. ಅಷ್ಟರವರೆಗೆ ನನ್ನ ಹತ್ತಿರ ಒಳ್ಳೆಯ ಮಾತು ಆಡಿದವಳಲ್ಲ.

“ನೀನು ಮಾರೂ ಪ್ಯಾಡಿನಲ್ಲಿ ನಡೂ ಮಧ್ಯೆ ಹಸಿರು ಪಟ್ಟಿ ಇರೂದು ಅದೆಯಲ್ಲ, ಅದ್ರಲ್ಲಿ ಕ್ರಿಮಿ ಸಾಯ್ತವೆ ಅಂತಲ್ಲ?”

“ಪೊಟ್ಟಣದ ಮೇಲೆ ಹಂಗೆ ಬರ್ದದ್ದದೆ.”

“ಅದಕ್ಕೇ ಬೆಳಗ್ಗೆ ಕಟ್ಟಿದ್ದು ಸಂಜೆ ಮನೆಗೆ ಹೋಗಿ ಬಿಚ್ಚೂದು ನಾನು. ನಾತವೂ ಇಲ್ಲ. ಮತ್ತೆ ಈ ಪಾಟಿ ತುರಿಸೂದು ಯಂತಕೆ?”

ಯಾಕೆಂದು ಹೇಳಿದೆ. ಅತ್ತೆಯ ಬೆನ್ನು ಹೇಗಿತ್ತೆಂದೂ ಹೇಳಿದೆ. ಅವಳು ಕೈ ನಿಲ್ಲಿಸಿ ಕೇಳಿದಳು.

“ಈಗ ಎದ್ದೋಗಿ ಬದಲ್ಸು” ಎಂದೆ.

“ಜಾಗ?”

“ನಾ ನೋಡ್ತೆ.”

“ನೀ? ನನ್ನ ಜಾಗ? ಬೆಕ್ಕಿನ ಹತ್ರ ಬಂಗಡೆ ಕಾಯೂಕೆ ಕೊಟ್ಟ ಹಂಗಾತು.”

ಆಗ ನಾನು ಸ್ವರ ಏರಿಸಿ, ಅಜ್ಜಿಗೂ ಕೇಳುವ ಹಾಗೆ ವ್ಯವಹಾರ ಮುಂದಿಟ್ಟೆ. ಬುಟ್ಟಿ ಬಂದರೆ ಅವಳು ಬಂದ ಹಾಗೆ ಎಂದು ನೀವೇ ಹೇಳಿದ್ದೀರಿ. ಹಾಗಾದರೆ ಬುಟ್ಟಿ ಕೂತಿದ್ದರೆ ಅವಳು ಕೂತ ಹಾಗೆ. ಇವಳು ಎದ್ದಾಗ ಇವಳ ಬುಟ್ಟಿ ಇದ್ದಲ್ಲೇ ಇರಲಿ, ಗಿರಾಕಿ ಬಂದರೆ ನಾನು ಇವಳ ದರಕ್ಕೇ ಇವಳ ಮೀನು ಮಾರುತ್ತೇನೆ. ನಾನು ಎದ್ದಾಗ ಇವಳು. ಕಾಲು ತಾಸಿಗಿಂತ ಹೆಚ್ಚು ಬೇಡ.

“ಮತ್ತೆ ಬರ್ದೇ ಹೋದ್ರೆ?” ಅಜ್ಜಿ ಕೇಳಿದಳು.

“ಕಾಲು ತಾಸು ದಾಟಿದ್ರೆ ಜಾಗ ಹೋಗ್ಲಿ.”

ಅಜ್ಜಿ ತಾರ್ಲೆಯ ರಾಶಿಯನ್ನು ಸರಿಪಡಿಸುತ್ತ ಯೋಚಿಸಿದಳು. “ನನಗೂ ಒಬ್ರು ಬೇಕಾತದೆ. ಎರಡು ಸಲ ಹೋಗ್ಬೇಕು ನಾ” ಎಂದಳು. ಅಷ್ಟಕ್ಕೆ ಮುಗಿಯಿತು. ಮೂರು ದಿನದಲ್ಲಿ ಸಾಲಿನಲ್ಲಿ ಆರು ಜೋಡಿಗಳಾದವು. ನಾನು ಗೋದಾಮಿನಿಂದ ಸಾದಾ ಪ್ಯಾಡಿನ ಪೊಟ್ಟಣಗಳನ್ನು ತರಿಸಿ ಅಸಲು ದರಕ್ಕೆ ಕೊಟ್ಟೆ, ಪುಕ್ಕಟೆ ಕೊಡಲಿಲ್ಲ. ಪುಕ್ಕಟೆ ಬಂದದ್ದನ್ನು ಜನ ಪರೀಕ್ಷಿಸುವುದಿಲ್ಲ, ನಾನೂ ಪರೀಕ್ಷಿಸಿರಲಿಲ್ಲ.

ಹತ್ತೊಂಬತ್ತು ದಿನ ಕೂತೆ. ಚೌತಿಗೆ ಸ್ವಲ್ಪ ಮೊದಲು ನರ್ಸ್ ಬಂದು ಅತ್ತೆಯ ಬೆನ್ನು ನೋಡಿ, ಗಾಯ ಕೂಡಿದೆ, ಆದರೆ ಹೊಸ ಚರ್ಮ ಎಳೆಯ ಎಲೆಯ ಹಾಗೆ, ಮೆತ್ತೆಯ ಮೇಲೆ ಕೂತು ತಾಸಿಗೊಮ್ಮೆ ಎದ್ದು ನಿಲ್ಲುವುದಾದರೆ ಮಾತ್ರ ಪೇಟೆಗೆ ಹೋಗಲಿ ಎಂದರು. ಡೈಪರಿನ ಕಾಲ ಆಗಲೇ ಮುಗಿದಿತ್ತು. ವಾಕರ್ ಹಿಡಿದು ಅತ್ತೆ ತಾನೇ ಬಚ್ಚಲಿಗೆ ಹೋಗುತ್ತಿದ್ದಳು.

ಮರುದಿನ ರಿಕ್ಷಾದಲ್ಲಿ ಬಂದಳು. ನಾನು ಎದ್ದು ಮಣೆಯ ಬದಲು ಎತ್ತರದ ಸ್ಟೂಲು ಇಟ್ಟು ಮೇಲೆ ಮೆತ್ತೆ ಹಾಕಿದೆ. ಕೂತವಳೇ ನನ್ನ ಪಾಲುಗಳನ್ನು ನೋಡಿದಳು.

“ಇಷ್ಟು ದೊಡ್ಡ ಪಾಲು ಯಾರ ಮದ್ವೆಗೆ? ನನ್ನ ಗಿರಾಕಿಗಳ ಬಾಯಿ ಕೆಡ್ಸಿಟ್ಟೆ ನೀ.”

ಎಲ್ಲವನ್ನೂ ಕೂಡಿಸಿ ಮತ್ತೆ ಚಿಕ್ಕದಾಗಿ ಹಾಕಿದಳು. ನಾನು ಹಿಂದೆ ನಿಂತು ಗಡಿಯಾರ ನೋಡುತ್ತಿದ್ದೆ. ತಾಸಾಯಿತು.

“ಅತ್ತೆ, ಏಳು.”

“ಇರು, ಗಿರಾಕಿ ಬಂದ.”

ಅವನು ಹೋದ. ಇನ್ನೊಬ್ಬ ಬಂದ. ನಾನು ವಾಕರ್ ತಂದು ಅವಳ ಮುಂದೆ ಇಟ್ಟೆ. ಹೊಸ ಕಟ್ಟಳೆಯನ್ನು ಸೊಸೆ ಅವಳಿಗೆ ಹೇಳಿದ್ದಳು, ಆದರೆ ಅಷ್ಟು ವರ್ಷಗಳಲ್ಲಿ ಅತ್ತೆ ತನ್ನ ಬುಟ್ಟಿಯನ್ನು ಬೇರೆಯವಳ ಕಣ್ಣಿಗೆ ಬಿಟ್ಟು ಎದ್ದವಳಲ್ಲ. ಬೆಳಂಬಾರದವಳು ತನ್ನ ಮೀನಿಗೆ ನೀರು ಹಾಕುತ್ತ ಬೇರೆ ಕಡೆ ನೋಡುತ್ತಿದ್ದಳು. ಅತ್ತೆ ಮೆತ್ತೆಯ ಮೇಲೆ ಒಂದು ಸಲ ಹೊರಳಿದಳು, ಹುಬ್ಬು ಗಂಟಿಕ್ಕಿದಳು. ಇನ್ನು ಕೂತರೆ ಹೊಸ ಚರ್ಮ ಹೋಗುತ್ತದೆ ಎಂದು ನನಗೆ ತಿಳಿಯಿತು. ಅವಳಿಗೂ ತಿಳಿದಿರಬೇಕು.

“ಏ,” ಎಂದಳು ಪಕ್ಕಕ್ಕೆ. “ಇದ್ರಲ್ಲಿ ಇಪ್ಪತ್ತೆರಡು ಬಂಗಡೆ ಅದೆ. ಎಣ್ಸಿದ್ದೆ ನಾ.”

“ಮಾರಿದ್ರೆ?”

“ಮಾರಿದ್ರೆ ದುಡ್ಡಿರ್ಬೇಕು. ನನ್ನ ದರಕ್ಕೆ, ನಿನ್ನ ದರಕ್ಕಲ್ಲ.”

ಬೆಳಂಬಾರದವಳು ಬುಟ್ಟಿಯನ್ನು ಒಂದು ಗೇಣು ತನ್ನ ಕಡೆ ಎಳೆದುಕೊಳ್ಳಲು ಕೈ ಚಾಚಿದಳು.

“ಎಳೀಬೇಡ,” ಎಂದಳು ಅತ್ತೆ. “ಅಲ್ಲೇ ಇರ್ಲಿ.” ಎರಡೂ ಕೈಯಲ್ಲಿ ವಾಕರ್ ಹಿಡಿದು ಎದ್ದು ನಿಂತಳು.